ದೊಡ್ಡಮ್ಮನ ಫೋನ್ ದೊಡ್ಡಮ್ಮನ ಕೈಯಲ್ಲೇ ಇರ್ಲಿ

ಪುಟ್ಟಣ್ಣ, ನಿನ್ನೆ ರಾತ್ರಿ ನೀನು ಗ್ರೂಪಿಗೆ ಹಾಕಿದ್ದು ಈಗ ಓದಿದೆ. ಘಾಟ್‌ಕೋಪರ್ ಪ್ಲಾಟ್‌ಫಾರ್ಮಲ್ಲಿ ನಿಂತಿದ್ದೇನೆ, ಒಂದು ಕೈಯಲ್ಲಿ ತರಕಾರಿ ಚೀಲ, ಟೈಪ್ ಮಾಡ್ಲಿಕ್ಕೆ ಆಗುವುದಿಲ್ಲ. ಹಾಗಾಗಿ ವಾಯ್ಸ್. ಉದ್ದ ಆಗ್ತದೆ. ಪುರುಸೊತ್ತಿಲ್ಲದವರು ಸ್ಪೀಡ್ ಜಾಸ್ತಿ ಮಾಡಿ ಕೇಳಿ.

ಚಿಕ್ಕಮ್ಮ "ಎಂತ ಆಯ್ತು" ಅಂತ ಕೇಳಿದ್ರಲ್ಲ, ಮೊದಲು ಅದು ಹೇಳ್ತೇನೆ. ಡೊಂಬಿವ್ಲಿ ದೊಡ್ಡಮ್ಮನಿಗೆ ಭಜನಾ ಮಂಡಳಿಯ ಪರಿಚಯದವರೊಬ್ಬರ ನಂಬರಿನಿಂದ ಮದುವೆ ಕಾಗದ ಅಂತ ಒಂದು ಫೈಲ್ ಬಂತು. ಒತ್ತಿದ್ರು. ಕಾಗದ ತೆರೆಯುವ ಬದಲು ಫೋನು ಅದಕ್ಕೆ ಅನುಮತಿ ಕೊಡಿ, ಇದಕ್ಕೆ ಅನುಮತಿ ಕೊಡಿ ಅಂತ ಕೇಳ್ಲಿಕ್ಕೆ ಶುರು ಮಾಡಿತು. "ಮದುವೆ ಕಾಗದಕ್ಕೆ ನನ್ನ ಮೆಸೇಜ್ ಎಂತಕ್ಕೆ ಬೇಕು" ಅಂತ ದೊಡ್ಡಮ್ಮನಿಗೇ ಸಂಶಯ ಬಂದು ಪಕ್ಕದ ಫ್ಲ್ಯಾಟಿನ ಹುಡುಗಿಯನ್ನು ಕರೆದು ತೋರಿಸಿದ್ರು. ಅವಳು ಇಂಟರ್ನೆಟ್ ಬಂದ್ ಮಾಡಿ, ಆ ಆ್ಯಪ್ ತೆಗೆದು ಹಾಕಿದ್ಳು. ಒಂದು ರೂಪಾಯಿ ಹೋಗ್ಲಿಲ್ಲ. ಇಷ್ಟಕ್ಕೆ ದೊಡ್ಡಮ್ಮನ ಮಗ ಪುಟ್ಟಣ್ಣನ ತೀರ್ಪು ಏನು ಅಂದ್ರೆ, ದೊಡ್ಡಮ್ಮನಿಗೆ ಬಟನ್ ಫೋನ್ ಕೊಡುವುದು, ಬ್ಯಾಂಕಿನಲ್ಲಿ ತನ್ನ ನಂಬರ್ ಹಾಕಿಸುವುದು, ಒಟಿಪಿ ಎಲ್ಲ ತನಗೆ ಬರುವುದು. "ಈ ವಯಸ್ಸಲ್ಲಿ ಸ್ಮಾರ್ಟ್‌ಫೋನ್ ಯಾಕೆ" ಅಂತ ಬೇರೆ ಬರೆದಿದ್ದೀಯ, ಅದೂ ಅವರು ಇರುವ ಗ್ರೂಪಲ್ಲೇ.

ನಾನು ಒಪ್ಪುವುದಿಲ್ಲ ಮಾರಾಯ. ಬ್ಯಾಂಕಿನ ಕೌಂಟರಲ್ಲಿ ಕೂತು ದಿನಾ ನೋಡುವವಳು ನಾನು. ದೊಡ್ಡಮ್ಮ ಮಾಡಿದ್ದು ಸರಿಯಾಗಿಯೇ ಉಂಟು. ಒತ್ತುವುದು ಎಲ್ಲರೂ ಒತ್ತುತ್ತಾರೆ. ಅರ್ಧದಲ್ಲಿ ನಿಲ್ಲಿಸಿ ಇನ್ನೊಬ್ಬರಿಗೆ ತೋರಿಸುವವರು ಕಡಿಮೆ.

ಆ ಫೈಲ್ ಎಂಥದ್ದು ಅಂತ ಎಲ್ಲರಿಗೂ ಗೊತ್ತಿರ್ಲಿ. ಮದುವೆ ಕಾಗದ ಅಂದ್ರೆ ಫೋಟೋ ಬರ್ತದೆ, ಇಲ್ಲಾಂದ್ರೆ ಪಿಡಿಎಫ್. ಫೈಲಿನ ಹೆಸರಿನ ಕೊನೆಗೆ ಚುಕ್ಕೆ ಇಟ್ಟು ಎಪಿಕೆ ಅಂತ ಇದ್ರೆ ಅದು ಕಾಗದ ಅಲ್ಲ, ಆ್ಯಪ್. ಪ್ಲೇ ಸ್ಟೋರಿಗೆ ಹೋಗದೆ ನೇರ ಫೋನಿನೊಳಗೆ ಕೂತುಕೊಳ್ಳುವ ಆ್ಯಪ್. ಒಳಗೆ ಹೋದ ಕೂಡ್ಲೇ ಎಸ್ಸೆಮ್ಮೆಸ್ ಓದ್ಲಿಕ್ಕೆ ಅನುಮತಿ ಕೇಳ್ತದೆ. ಕೊಟ್ಟ್ರಿ ಅಂತಾದ್ರೆ ಮುಗೀತು, ನಿಮಗೆ ಬರುವ ಒಟಿಪಿ ಆ ಆ್ಯಪ್ ಬಿಟ್ಟ ಕಳ್ಳನಿಗೂ ಹೋಗ್ತದೆ. ನಾವು ಯಾರಿಗೂ ಒಟಿಪಿ ಹೇಳಿಲ್ಲ, ಆದ್ರೂ ದುಡ್ಡು ಹೋಯ್ತು ಅಂತ ಜನ ಬಂದು ಅಳುವುದು ಇದಕ್ಕೇ. ಗುರುತಿನವರ ನಂಬರಿಂದ ಯಾಕೆ ಬಂತು ಅಂದ್ರೆ, ಅವರ ಫೋನ್ ಮೊದಲೇ ಬಲೆಗೆ ಬಿದ್ದಿದೆ. ಅಲ್ಲಿಂದ ಅವರ ಲಿಸ್ಟಿನಲ್ಲಿ ಇದ್ದವರಿಗೆಲ್ಲ ಕಾಗದ ಹಂಚಿಕೆ. ಟ್ರಾಫಿಕ್ ದಂಡದ ಚಲನ್ ಅಂತ ಬರುವುದೂ ಇದೇ ಜಾತಿಯದ್ದು.

ಹಾಂ, "ನಾನಾದ್ರೆ ಒತ್ತುತ್ತಿರಲಿಲ್ಲ" ಅಂದಿದ್ದೀಯಲ್ಲ, ನಿನ್ನದು ಐಫೋನ್. ಅದರಲ್ಲಿ ಎಪಿಕೆ ಓಡುವುದೇ ಇಲ್ಲ. ಅದು ಫೋನಿನ ಗುಣ, ನಿನ್ನದಲ್ಲ.

ವಯಸ್ಸಿನ ಮಾತು ತೆಗೆದಿದ್ದೀಯ ಅಂತ ನಿನ್ನ ನಾವಾ ಶೇವಾ ಬಂದರಿನದ್ದೇ ಹೇಳ್ತೇನೆ. 2017ರ ಜೂನ್‌ನಲ್ಲಿ ನಾಟ್‌ಪೆಟ್ಯಾ ವೈರಸ್ ಬಂದು ಹಡಗು ಕಂಪನಿ ಮಾರ್ಸ್ಕ್‌ನವರ ಟರ್ಮಿನಲ್ ಕೆಲಸವೇ ನಿಂತಿತ್ತಲ್ಲ? ಅದು ಶುರುವಾದದ್ದು ಯುಕ್ರೇನಿನ ಒಂದು ಲೆಕ್ಕಪತ್ರದ ಸಾಫ್ಟ್‌ವೇರಿನ ಅಪ್‌ಡೇಟಿನೊಳಗಿಂದ. ನಮ್ಮ ಬ್ಯಾಂಕ್ ಲೈನಿನದ್ದು ಬೇಕಾದ್ರೆ ಪುಣೆಯ ಕಾಸ್ಮೋಸ್ ಬ್ಯಾಂಕ್. 2018ರ ಆಗಸ್ಟ್‌ನಲ್ಲಿ ಅವರ ಸಿಸ್ಟಮ್ಮಿಗೇ ಕಳ್ಳ ಸಾಫ್ಟ್‌ವೇರ್, ಅಂದ್ರೆ ಮಾಲ್‌ವೇರ್ ನುಗ್ಗಿಸಿ, ಕಾರ್ಡು ನಕಲು ಮಾಡಿ, 28 ದೇಶದ ಎಟಿಎಂಗಳಿಂದ ದುಡ್ಡು ತೆಗೆದ್ರು. ಎಲ್ಲ ಸೇರಿ ಸುಮಾರು 94 ಕೋಟಿ. ಅಲ್ಲಿ ಯಾವ ದೊಡ್ಡಮ್ಮ ಇದ್ರು ಹೇಳು?

ಒಂದ್ನಿಮಿಷ, ಫಾಸ್ಟ್ ಗಾಡಿ ಹೋಗ್ಲಿ... ಹಾಂ.

ಈಗ ನಾನು ಹೇಳ್ಬೇಕು ಅಂತ ಇದ್ದ ಮಾತು. ನೀನು ಈ ರೀತಿ ಬೈದ್ರೆ, ಫೋನ್ ಕಿತ್ತುಕೊಳ್ತೇನೆ ಅಂದ್ರೆ, ಮುಂದಿನ ಸಲ ದೊಡ್ಡಮ್ಮ ಯಾರಿಗೂ ಹೇಳುವುದಿಲ್ಲ. ಮುಚ್ಚಿಡ್ತಾರೆ. ದುಡ್ಡು ಹೋಗುವುದು ಆ ಮುಚ್ಚಿಡುವ ಹೊತ್ತಿನಲ್ಲಿ. ಕೌಂಟರಿಗೆ ಬರುವ ವಯಸ್ಸಾದವರು ಮೊದಲು ಆಚೆ ಈಚೆ ನೋಡಿ, ಸ್ವರ ತಗ್ಗಿಸಿ, "ಮನೆಯಲ್ಲಿ ಗೊತ್ತಾಗುವುದು ಬೇಡ" ಅಂತ ಹೇಳ್ತಾರೆ. ಯಾವಾಗ ಆದದ್ದು ಅಂತ ಕೇಳಿದ್ರೆ ಹೋದ ವಾರ. ಆಗ ನಾವು ಎಂತ ಮಾಡುವುದು? ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡ್ಲೇ ಫೋನ್ ಮಾಡಿದ್ರೆ ದುಡ್ಡು ಹೋದ ಖಾತೆಯಲ್ಲೇ ಅದನ್ನು ತಡೆದು ನಿಲ್ಲಿಸುವ ವ್ಯವಸ್ಥೆ ಉಂಟು. ವಾರ ಕಳೆದ್ರೆ ಅದು ಹತ್ತು ಖಾತೆ ದಾಟಿ ಹೋಗಿರ್ತದೆ.

ನಿಯಮವೂ ಹಾಗೇ ಉಂಟು. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆ ಪ್ರಕಾರ ಗ್ರಾಹಕ ತಾನೇ ಪಿನ್ನು ಒಟಿಪಿ ಕೊಟ್ಟು ಸಿಕ್ಕಿಬಿದ್ರೂ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಮಾತ್ರ ಅವನದ್ದು. ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನ ತಲೆಗೆ. ತಪ್ಪು ಅವನದ್ದಲ್ಲದೆ, ಬ್ಯಾಂಕಿನದ್ದೂ ಅಲ್ಲದೆ, ಮಧ್ಯೆ ಬೇರೆಲ್ಲೋ ಆದದ್ದಾದ್ರೆ ಮೂರು ಕೆಲಸದ ದಿನದೊಳಗೆ ಹೇಳಿದ್ರೆ ಅವನಿಗೆ ನಷ್ಟವೇ ಇಲ್ಲ. ಅಂದ್ರೆ ಹೆದರದೆ ಬೇಗ ಬಾಯಿ ಬಿಡುವವರಿಗೆ ಲಾಭ. ನೀನು ಕಲಿಸ್ತಾ ಇರುವುದು ಬಾಯಿ ಮುಚ್ಚಲಿಕ್ಕೆ.

ವಿಡಿಯೋ ಕಾಲಲ್ಲೇ ಅರೆಸ್ಟ್ ಮಾಡಿದ್ದೇವೆ ಅಂತ ಹೆದರಿಸಿ ದುಡ್ಡು ಕೀಳುವ ಡಿಜಿಟಲ್ ಅರೆಸ್ಟ್ ನಡೆಯುವುದೂ ಈ ಮುಚ್ಚಿಡುವುದರ ಮೇಲೆಯೇ. ಖಾಕಿ ಹಾಕಿಕೊಂಡು ವಿಡಿಯೋ ಕಾಲಲ್ಲಿ ಕೂತವನು ಮೊದಲು ಹೇಳುವುದು "ಮನೆಯವರಿಗೆ ಹೇಳಬೇಡಿ, ಮರ್ಯಾದೆ ಹೋಗ್ತದೆ" ಅಂತ. ಅಂಥ ಅರೆಸ್ಟ್ ಕಾನೂನಿನಲ್ಲೇ ಇಲ್ಲ ಅಂತ ಪ್ರಧಾನಿ 2024ರ ಅಕ್ಟೋಬರಿನ ಮನ್ ಕೀ ಬಾತ್‌ನಲ್ಲಿ ಹೇಳಿದ್ದಾರೆ. ಆದ್ರೂ ಜನ ದಿನಗಟ್ಟಲೆ ಕೋಣೆಯೊಳಗೆ ಕೂತಿರ್ತಾರೆ. ಮನೆಯವರಿಗಿಂತ ಆ ವಿಡಿಯೋದವನಿಗೆ ಹೆದರುವುದು ಕಡಿಮೆ ಆಗಿರ್ತದೆ, ಅಷ್ಟೇ.

ಇನ್ನು ಒಟಿಪಿ ಎಲ್ಲ ನಿನಗೆ ಬರುವ ವಿಷಯ. ಬೇಸರ ಮಾಡ್ಬೇಡ. ದೊಡ್ಡಪ್ಪನ ಪೆನ್ಷನ್ ಎಷ್ಟು ಬಂತು, ಅದರಲ್ಲಿ ಊರಿನ ದೇವಸ್ಥಾನಕ್ಕೆ ಎಷ್ಟು ಹೋಯ್ತು, ಕೆಲಸದವಳ ಮಗಳ ಫೀಸಿಗೆ ಎಷ್ಟು ಕೊಟ್ಟ್ರು, ಎಲ್ಲ ನಿನ್ನ ಫೋನಲ್ಲಿ ಟಿಣ್ ಅಂತ ಬರ್ಬೇಕಾ? ಪ್ರೈವಸಿ ಅಂದ ಕೂಡ್ಲೇ ನಾವು ಫೇಸ್‌ಬುಕ್, ಚೀನಾ ಅಂತ ಮಾತಾಡ್ತೇವೆ, ಮಗನ ವಿಷಯ ಬರುವುದೇ ಇಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ಕ್ಕೆ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು ಯಾರ ಕೇಸಿನಲ್ಲಿ ಗೊತ್ತುಂಟಾ? ಕೆ.ಎಸ್. ಪುಟ್ಟಸ್ವಾಮಿಯವರು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. 2012ರಲ್ಲಿ ಆಧಾರ್ ವಿಷಯ ಹಿಡಿದು ಅವರು ಕೋರ್ಟಿಗೆ ಹೋದಾಗ ಅವರ ವಯಸ್ಸು 86. ನಮ್ಮ ದೊಡ್ಡಮ್ಮ ಅಷ್ಟು ದೊಡ್ಡವರಲ್ಲ.

ಆಧಾರ್ ಅಂದಾಗ ನೆನಪಾಯ್ತು. ಊರಿಗೆ ಟಿಕೆಟ್ ಮಾಡಿಸುವಾಗ ದೊಡ್ಡಮ್ಮನ ಆಧಾರಿನ ಎರಡೂ ಬದಿಯ ಫೋಟೋ ತೆಗೆದು ಈ ಗ್ರೂಪಿಗೆ ಹಾಕಿದವನು ನೀನೇ. ಮೇಲೆ ಹೋಗಿ ನೋಡು, ಇನ್ನೂ ಉಂಟು. ಎಲ್ಲರಿಗೂ ಡಿಲೀಟ್ ಆಗುವ ಅವಧಿ ಎರಡೂವರೆ ದಿನ, ಅದು ಯಾವಾಗ್ಲೋ ದಾಟಿತು. ಹಾಗಾಗಿ ಎಲ್ಲರೂ ಅವರವರ ಫೋನಿನಿಂದ ತೆಗೀರಿ, ಗ್ಯಾಲರಿಯಿಂದಲೂ. ಇನ್ನು ಮುಂದೆ ಯಾರಿಗಾದ್ರೂ ಕೊಡ್ಬೇಕಾದ್ರೆ ಮಾಸ್ಕ್ ಮಾಡಿದ ಆಧಾರ್ ಡೌನ್‌ಲೋಡ್ ಮಾಡಿ ಕೊಡುವುದು, ಅದರಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣ್ತದೆ. ಆಧಾರಿನ ಬೆರಳಚ್ಚು ಲಾಕ್ ಮಾಡಿ ಇಡುವುದೂ ಒಳ್ಳೇದು, ಬೇಕಾದಾಗ ತೆರೆಯಬಹುದು.

ಹಾಗಾದ್ರೆ ಏನೂ ಮಾಡುವುದು ಬೇಡವಾ? ಬೇಕು. ಆದ್ರೆ ಬೀಗ ಹಾಕುವುದು ದುಡ್ಡಿಗೆ, ದೊಡ್ಡಮ್ಮನಿಗಲ್ಲ. ಯುಪಿಐ ಇರುವ ಖಾತೆಯಲ್ಲಿ ತರಕಾರಿ, ಔಷಧಿ, ರಿಕ್ಷಾಕ್ಕೆ ಬೇಕಾದಷ್ಟೇ ಇರ್ಲಿ. ಪೆನ್ಷನ್ನು, ಎಫ್‌ಡಿ ಬೇರೆ ಖಾತೆಯಲ್ಲಿ, ಅದಕ್ಕೆ ಯುಪಿಐಯೂ ಬೇಡ, ನೆಟ್‌ಬ್ಯಾಂಕಿಂಗೂ ಬೇಡ. ಕಾರ್ಡಿನಲ್ಲಿ ವಿದೇಶದ ಮತ್ತು ಆನ್‌ಲೈನ್ ವ್ಯವಹಾರ ಬಂದ್ ಮಾಡಿಡುವ ಸೌಲಭ್ಯ ಎಲ್ಲ ಬ್ಯಾಂಕೂ ಕೊಡ್ಲೇಬೇಕು, 2020ರಿಂದ ನಿಯಮ ಉಂಟು. ಆಮೇಲೆ ಫೋನಿನ ಸೆಟ್ಟಿಂಗಿನಲ್ಲಿ ವಾಟ್ಸಾಪಿಗೆ ಆ್ಯಪ್ ಇನ್‌ಸ್ಟಾಲ್ ಮಾಡುವ ಅನುಮತಿ ಬಂದ್ ಮಾಡ್ಬೇಕು, ಮೊನ್ನೆ ಒತ್ತಿದಾಗ ಅದು ತೆರೆದುಕೊಂಡಿರ್ತದೆ, ಇನ್ನೂ ತೆರೆದೇ ಇರ್ಬಹುದು. ವಾಟ್ಸಾಪಿಗೆ ಎರಡು ಹಂತದ ಪಿನ್. ಇಷ್ಟು ಆದ್ರೆ ಸಾಕು.

ಚಿಕ್ಕಮ್ಮ ಫಾರ್ವರ್ಡ್ ಮಾಡಿದ್ರಲ್ಲ, ಮೂರು ಟಿಕ್ ಬಂದ್ರೆ ಸರಕಾರ ಓದ್ತದೆ ಅಂತ, ಅದು ಸುಳ್ಳು. ವಾಟ್ಸಾಪಲ್ಲಿ ಮೂರನೇ ಟಿಕ್ಕೇ ಇಲ್ಲ.

ಗಾಡಿ ಬಂತು. ಭಾನುವಾರ ನಾನು ಡೊಂಬಿವ್ಲಿಗೆ ಬರ್ತೇನೆ, ಹಳಿ ರಿಪೇರಿಯ ಮೆಗಾಬ್ಲಾಕ್ ಇದ್ರೆ ಸ್ವಲ್ಪ ತಡ ಆಗ್ಬಹುದು, ಊಟಕ್ಕೆ ಕಾಯ್ಬೇಡಿ. ದೊಡ್ಡಮ್ಮ, ಪಾಸ್‌ಬುಕ್ ತೆಗೆದಿಡಿ, ಫೋನ್ ಚಾರ್ಜ್ ಮಾಡಿಡಿ. ಪುಟ್ಟಣ್ಣ, ನೀನೂ ಬಾ. ಆದ್ರೆ ಹೇಳುವುದು ಮಾತ್ರ ನಾವು, ಒತ್ತುವುದೆಲ್ಲ ದೊಡ್ಡಮ್ಮ. ನೀನು ಅವರ ಫೋನ್ ಮುಟ್ಟುವ ಹಾಗಿಲ್ಲ.