ಪದಚರ್ಚೆ: ‘ವಿಷುವಲ್ ಸ್ನೋ’ಗೆ ‘ದೃಷ್ಟಿಮಂಜು’ ಆದೀತೇ?

ಬಳಗದವರಿಗೆ ನಮಸ್ಕಾರ.

ರೋಗಿಗಳ ಕೈಗೆ ಕೊಡುವ ಎರಡು ಪುಟದ ಮಾಹಿತಿಪತ್ರವೊಂದು ಕನ್ನಡಕ್ಕೆ ಬರುತ್ತಿದೆ. ವಿಷಯ, ವಿಷುವಲ್ ಸ್ನೋ ಸಿಂಡ್ರೋಮ್. ನೋಟದ ಉದ್ದಗಲಕ್ಕೂ ಸಣ್ಣ ಚುಕ್ಕಿಗಳು ಎಡೆಬಿಡದೆ ಮಿಣುಕುವ ತೊಂದರೆ ಇದು. ಕರಡಿನಲ್ಲಿ ಒಂದು ಕಡೆ ‘ದೃಷ್ಟಿಮಂಜು’, ಇನ್ನೊಂದು ಕಡೆ ‘ನೋಟದ ಹಿಮ’ ಎಂದಿದೆ. ಯಾವುದನ್ನು ಉಳಿಸಬಹುದು? ಫ್ಲೋಟರ್ಸ್, ಆಫ್ಟರ್ ಇಮೇಜ್, ಫೋಟೋಫೋಬಿಯಾ, ನೈಟ್ ಬ್ಲೈಂಡ್‌ನೆಸ್ ಇವಕ್ಕೂ ಆಡುಮಾತಿನ ಪದ ಬೇಕು. ಓದುವವರು ಹೈಸ್ಕೂಲು ಮುಗಿಸಿದವರು ಎಂದಿಟ್ಟುಕೊಳ್ಳಿ.

ಮರುಮಾತು

‘ದೃಷ್ಟಿಮಂಜು’ ಬೇಡವೇ ಬೇಡ, ಸರ್. ಕನ್ನಡದಲ್ಲಿ ‘ಕಣ್ಣು ಮಂಜಾಗಿದೆ’ ಎಂದರೆ ಮಸುಕು ಎಂದೇ ಅರ್ಥ. ಹಾಗೆ ಹೇಳಿದವರಿಗೆ ಮೊದಲು ಕನ್ನಡಕದ ನಂಬರು ನೋಡುತ್ತಾರೆ, ವಯಸ್ಸಾಗಿದ್ದರೆ ಪೊರೆ ಬಂದಿದೆಯೇ ಎಂದು ನೋಡುತ್ತಾರೆ. ವಿಷುವಲ್ ಸ್ನೋ ಇರುವವರಲ್ಲಿ ಸಾಮಾನ್ಯವಾಗಿ ಅಕ್ಷರದ ಪಟ್ಟಿ, ರೆಟಿನಾ (ಕಣ್ಣಿನ ಹಿಂಬದಿಯ ಬೆಳಕು ಗ್ರಹಿಸುವ ಪದರ), ಅದರ ಪದರಗಳನ್ನು ತೋರಿಸುವ ಒಸಿಟಿ ಸ್ಕ್ಯಾನ್, ನೋಟದ ಹರವನ್ನು ಅಳೆಯುವ ಫೀಲ್ಡ್ ಟೆಸ್ಟ್ ಎಲ್ಲವೂ ಸರಿಯಾಗಿಯೇ ಬರುತ್ತವೆ. ಕೊನೆಗೆ ‘ನಿಮಗೇನೂ ಆಗಿಲ್ಲ’ ಎಂಬ ಮಾತು ಕೇಳಿ ಮನೆಗೆ ಬರುತ್ತಾರೆ. ತೊಂದರೆಯ ಮೂಲ ಕಣ್ಣುಗುಡ್ಡೆಯಲ್ಲಿಲ್ಲ, ಕಂಡದ್ದನ್ನು ಮಿದುಳು ಸಂಸ್ಕರಿಸುವ ಬಗೆಯಲ್ಲಿದೆ ಎಂಬುದು ಈಗಿನ ತಿಳಿವಳಿಕೆ. ಮಿದುಳಿನ ಚಟುವಟಿಕೆ ತೋರಿಸುವ ಪೆಟ್ ಸ್ಕ್ಯಾನ್ ಬಳಸಿದ 2014ರ ಅಧ್ಯಯನದಲ್ಲಿ ಮಿದುಳಿನ ಹಿಂಭಾಗದ ಲಿಂಗ್ವಲ್ ಗೈರಸ್ ಎಂಬ ಭಾಗ ಮಾಮೂಲಿಗಿಂತ ಹೆಚ್ಚು ಚುರುಕಾಗಿದ್ದದ್ದು ಕಂಡುಬಂದಿತ್ತು. ಆದ್ದರಿಂದ ‘ಕಣ್ಣಿನ ರೋಗ’ ಎಂದೂ ಬರೆಯಬೇಡಿ.

‘ದೃಷ್ಟಿ’ಗಿಂತ ‘ನೋಟ’ ವಾಸಿ. ‘ದೃಷ್ಟಿದೋಷ’ ಎಂದು ಅಚ್ಚಾದರೆ ನಿವಾಳಿಸಿ ಹಾಕುವವರೂ ನಮ್ಮಲ್ಲಿದ್ದಾರೆ!

‘ಹಿಮ’ ತಪ್ಪಲ್ಲ, ಆದರೆ ಅದರಿಂದ ಏನೂ ಹೊಳೆಯುವುದಿಲ್ಲ. ಇಂಗ್ಲಿಷಿನಲ್ಲೂ ಆ ಹೆಸರಿನ ಹಿಂದಿರುವುದು ಬೀಳುವ ಹಿಮಕ್ಕಿಂತ ಹೆಚ್ಚಾಗಿ ಆಂಟೆನಾ ಕಾಲದ ಟಿ.ವಿ. ಪರದೆ. ಸಿಗ್ನಲ್ ಹೋದಾಗ ನಾವು ‘ಗ್ರೇನ್ಸ್ ಬರ್ತಿದೆ’, ‘ಬರೀ ಚುಕ್ಕಿ’ ಎನ್ನುತ್ತಿದ್ದೆವಲ್ಲ, ಅದೇ. ಈಗಿನ ಟಿ.ವಿ.ಯಲ್ಲಿ ಸಿಗ್ನಲ್ ಹೋದರೆ ನೀಲಿ ಪರದೆ ಬರುತ್ತದೆ. ಹಾಗಾಗಿ ಹದಿಹರೆಯದವರಿಗೆ ಈ ಹೋಲಿಕೆಯೂ ತಲುಪುವುದಿಲ್ಲ.

ನನ್ನ ಸಲಹೆ: ಹೆಸರನ್ನು ‘ವಿಷುವಲ್ ಸ್ನೋ’ ಎಂದೇ ಇಡಿ, ಡಾಕ್ಟರ ಮುಂದೆ ಅದೇ ಕೆಲಸಕ್ಕೆ ಬರುವುದು. ವಿವರಣೆಗೆ ‘ನೋಟದ ತುಂಬ ಗಿಜಿಗುಡುವ ಚುಕ್ಕಿಗಳು’ ಎಂದು ಬರೆಯಿರಿ. ‘ಗಿಜಿಗುಡು’ದಲ್ಲಿ ಸಂಖ್ಯೆಯೂ ಇದೆ, ಚಲನೆಯೂ ಇದೆ, ‘ಮಿಣುಕು’ದಲ್ಲಿ ಸಂಖ್ಯೆಯ ಸುಳಿವಿಲ್ಲ.

ಇನ್ನೊಂದು ಮರುಮಾತು

ಮೇಡಂ ಹೇಳಿದ್ದಕ್ಕೆ ನನ್ನದೂ ಒಪ್ಪಿಗೆ. ‘ಮರಳು’ ಎಂಬ ಪದವೂ ನುಸುಳದಂತೆ ನೋಡಿಕೊಳ್ಳಿ. ‘ಕಣ್ಣಲ್ಲಿ ಮರಳು ಬಿದ್ದ ಹಾಗೆ’ ಎಂದರೆ ಒತ್ತುವುದು, ಕಣ್ಣು ಒಣಗಿರುವುದು. ಡ್ರಾಪ್ಸ್ ಕೊಟ್ಟು ಕಳಿಸುತ್ತಾರೆ.

ಫ್ಲೋಟರ್ಸ್‌ಗೆ ಜನ ‘ಕಣ್ಮುಂದೆ ನೊಣ’, ‘ಕೂದಲೆಳೆ’ ಎನ್ನುತ್ತಾರೆ. ‘ತೇಲುಚುಕ್ಕಿ’ ಎಂದರೂ ಆದೀತು, ಆದರೆ ಎರಡನ್ನೂ ‘ಚುಕ್ಕಿ’ ಎಂದರೆ ಗೊಂದಲ. ವ್ಯತ್ಯಾಸ ಹೀಗಿದೆ: ಫ್ಲೋಟರ್ ಕಣ್ಣೊಳಗಿನ ಲೋಳೆಯಲ್ಲಿರುವ ಎಳೆಯ ನೆರಳು. ಕಣ್ಣು ಹೊರಳಿಸಿದರೆ ಅದೂ ಜಾರುತ್ತದೆ, ನಿಲ್ಲಿಸಿದ ಮೇಲೂ ತುಸು ತೇಲುತ್ತದೆ. ಸ್ನೋ ಚುಕ್ಕಿಗಳು ಹಾಗೆ ಜಾರುವುದಿಲ್ಲ, ಎಲ್ಲಿ ನೋಡಿದರೂ ನೋಟವಿಡೀ ಹರಡಿರುತ್ತವೆ, ಯಾವ ಕಣ್ಣು ಮುಚ್ಚಿದರೂ ಇನ್ನೊಂದರಲ್ಲಿ ಕಾಣುತ್ತವೆ. ನೀಲಿ ಆಕಾಶ ನೋಡುವಾಗ ಹುಳುವಿನಂತೆ ಸುಳಿದು ಮಾಯವಾಗುವ ಬೆಳಕಿನ ಚುಕ್ಕಿಗಳು ಮೂರನೆಯ ಬಗೆ. ಅವು ರೆಟಿನಾದ ಸಣ್ಣ ರಕ್ತನಾಳಗಳಲ್ಲಿ ಹರಿಯುವ ಬಿಳಿ ರಕ್ತಕಣಗಳು. ಗಮನಿಸಿ ನೋಡಿದರೆ ಯಾರಿಗಾದರೂ ಕಂಡಾವು, ಈ ತೊಂದರೆ ಇರುವವರಿಗೆ ವಿಪರೀತ ಕಾಣುತ್ತವೆ. ಅವಕ್ಕೆ ‘ಬಾನಚುಕ್ಕಿ’ ಎನ್ನಬಹುದೇನೋ. ಯಾರಾದರೂ ಇದಕ್ಕಿಂತ ಒಳ್ಳೆಯದು ಹೇಳಿ.

ಆಫ್ಟರ್ ಇಮೇಜ್‌ಗೆ ‘ಅಚ್ಚು ಉಳಿಯುವುದು’ ಸರಿ. ಬಲ್ಬು ನೋಡಿ ಕಣ್ಣು ತಿರುಗಿಸಿದರೆ ಎಲ್ಲರಿಗೂ ಅಚ್ಚು ಉಳಿಯುತ್ತದೆ. ಇಲ್ಲಿ ಮಾಮೂಲಿ ಬೆಳಕಿನಲ್ಲಿ ಕಂಡ ಕಿಟಕಿ, ಮುಖಗಳೂ ಉಳಿಯುತ್ತವೆ. ಚಲಿಸುವ ಕೈಯ ಹಿಂದೆ ಸಾಲು ಕೈಗಳು ಕಂಡರೆ ಅದು ‘ಜಾಡು’.

ಫೋಟೋಫೋಬಿಯಾಕ್ಕೆ ‘ಬೆಳಕಿನ ಭಯ’ ಎಂದು ಯಾರೋ ಬರೆದದ್ದನ್ನು ನೋಡಿದ್ದೇನೆ, ಭಯವಲ್ಲ ಅದು! ‘ಬೆಳಕು ಚುಚ್ಚುವುದು’ ಎನ್ನಿ. ‘ಇರುಳುಗುರುಡು’ ಎಂದಾಕ್ಷಣ ಎ ವಿಟಮಿನ್ ಕೊರತೆ ನೆನಪಾಗುತ್ತದೆ, ಅಥವಾ ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ, ರೆಟಿನಾ ನಿಧಾನವಾಗಿ ಹಾಳಾಗುವ ಕಾಯಿಲೆಯ ಅನುಮಾನ ಬರುತ್ತದೆ. ‘ಮಬ್ಬು ಬೆಳಕಲ್ಲಿ ಸರಿಯಾಗಿ ಕಾಣದಿರುವುದು’ ಉದ್ದವಾದರೂ ಸುರಕ್ಷಿತ.

ಕೇಳಿದವರು

ಉಪಕಾರವಾಯಿತು. ಸಿಂಡ್ರೋಮ್‌ಗೆ ‘ಲಕ್ಷಣಕೂಟ’ ನಡೆದೀತೇ? ಅಥವಾ ಎಲ್ಲ ಕಡೆಯೂ ‘ವಿಷುವಲ್ ಸ್ನೋ’ ಎಂದಷ್ಟೇ ಬರೆದರೆ ಸಾಕೇ? ಬದುಕಿನ ಸಲಹೆಯ ಭಾಗದಲ್ಲಿ ‘ಗುಣವಾಗುತ್ತದೆ’ ಎಂಬ ಮಾತಿದೆ, ಅದನ್ನೂ ನೋಡಿಕೊಡಿ.

ಮರುಮಾತು

ಸಾಲದು, ಇಲ್ಲಿ ಆ ಬಾಲ ಬೇಕು. ಚುಕ್ಕಿ ಕಾಣುವುದು ಒಂದು ಲಕ್ಷಣ ಮಾತ್ರ. ಚುಕ್ಕಿಗಳು ಬಿಡದೆ 3 ತಿಂಗಳಿಗೂ ಮೀರಿ ಇದ್ದು, ಮೇಲಿನ ಮರುಮಾತಿನ ನಾಲ್ಕು ಬಗೆಗಳಲ್ಲಿ (ಅಚ್ಚು ಅಥವಾ ಜಾಡು, ತೇಲುಚುಕ್ಕಿ ಬಾನಚುಕ್ಕಿಗಳ ಹಾವಳಿ, ಬೆಳಕು ಚುಚ್ಚುವುದು, ಮಬ್ಬಿನಲ್ಲಿ ಕಾಣದಿರುವುದು) ಕನಿಷ್ಠ ಎರಡು ಇದ್ದು, ಬೇರೆ ಕಾಯಿಲೆಯಿಂದಲ್ಲ ಎಂದು ಖಚಿತವಾದರೆ ಮಾತ್ರ ಅದು ಸಿಂಡ್ರೋಮ್. ‘ಲಕ್ಷಣಕೂಟ’ ಚೆನ್ನಾಗಿದೆ. ಮೈಗ್ರೇನಿನ ಮುನ್ಸೂಚನೆಯಾಗಿ ಬರುವ ಅಂಕುಡೊಂಕು ಗೆರೆ ಬೇರೆ. ಅದು ಸಾಮಾನ್ಯವಾಗಿ 5ರಿಂದ 60 ನಿಮಿಷದಲ್ಲಿ ಹೋಗಿಬಿಡುತ್ತದೆ. ಆದರೆ ಈ ಲಕ್ಷಣಕೂಟ ಇರುವ ಬಹಳ ಮಂದಿಗೆ ಮೈಗ್ರೇನೂ ಇರುತ್ತದೆ, ಕಿವಿಯಲ್ಲಿ ಗುಂಯ್ ಎನ್ನುವುದೂ ಇರುತ್ತದೆ. ಅದಕ್ಕೆ ‘ಕಿವಿಮೊರೆತ’ ಎಂಬ ಪದ ಆಗಲೇ ಬಳಕೆಯಲ್ಲಿದೆ.

‘ಗುಣವಾಗುತ್ತದೆ’ ಎಂಬುದನ್ನು ತೆಗೆಯಿರಿ. ಖಚಿತವಾಗಿ ವಾಸಿಮಾಡುವ ಔಷಧಿ ಇಲ್ಲ. ಮೂರ್ಛೆರೋಗಕ್ಕೆ ಕೊಡುವ ಲ್ಯಾಮೋಟ್ರಿಜಿನ್ ಮಾತ್ರೆಯಿಂದ ಕೆಲವರಿಗೆ ಸ್ವಲ್ಪ ಇಳಿಮುಖ ಕಂಡಿದೆ, ಹೆಚ್ಚಿನವರಿಗೆ ಇಲ್ಲ. ಅದನ್ನು ತೆಗೆದುಕೊಳ್ಳುವವರಿಗೆ ಮೈಮೇಲೆ ದದ್ದು ಎದ್ದರೆ ಕೂಡಲೇ ಡಾಕ್ಟರಿಗೆ ತಿಳಿಸಬೇಕು ಎಂಬ ಸಾಲು ಕರಡಿನಲ್ಲಿಲ್ಲ, ಸೇರಿಸಿ. ‘ಕುರುಡಾಗುತ್ತದೆಯೇ’ ಎಂದು ಎಲ್ಲರೂ ಕೇಳುತ್ತಾರೆ. ಇದರಿಂದ ಕುರುಡಾಗುವುದಿಲ್ಲ ಎಂದು ನೇರವಾಗಿ ಬರೆಯಿರಿ, ‘ಸಾಮಾನ್ಯವಾಗಿ ಪ್ರಗತಿಶೀಲವಲ್ಲ’ ಎಂಬ ಈಗಿನ ವಾಕ್ಯ ಯಾರಿಗೂ ಅರ್ಥವಾಗದು.

‘ಕತ್ತಲೆ ಕೋಣೆಯಲ್ಲಿ ವಿಶ್ರಾಂತಿ’ ಎಂಬ ಸಲಹೆ ಮೈಗ್ರೇನಿನ ಪತ್ರದಿಂದ ಬಂದಂತಿದೆ. ಈ ಚುಕ್ಕಿಗಳು ಕತ್ತಲಲ್ಲಿ, ಬೋಳು ಗೋಡೆಯ ಮೇಲೆ ಹಲವರಿಗೆ ಇನ್ನೂ ಎದ್ದು ಕಾಣುತ್ತವೆ. ಬದಲಿಗೆ ಹೀಗೆ ಬರೆಯಬಹುದು: ಕೋಣೆಯಲ್ಲಿ ಹದವಾದ ಬೆಳಕಿರಲಿ, ಫೋನಿನ ಬೆಳಕು ಕೋಣೆಯ ಬೆಳಕಿಗೆ ಹೊಂದುವಷ್ಟಿರಲಿ, ಅಪ್ಪಟ ಬಿಳಿ ಪುಟದ ಬದಲು ನಸುಹಳದಿ ಹಿನ್ನೆಲೆ ಇಟ್ಟುಕೊಳ್ಳಿ. ಬಣ್ಣದ ಗಾಜಿನ ಕನ್ನಡಕದಿಂದ ಕೆಲವರಿಗೆ ಹಾಯೆನಿಸುತ್ತದೆ. ಕೊಳ್ಳುವ ಮೊದಲು ಅಂಗಡಿಯಲ್ಲೇ ಬೇರೆ ಬೇರೆ ಬಣ್ಣ ಹಾಕಿ ನೋಡಬೇಕು. ಕಪ್ಪು ಕೂಲಿಂಗ್ ಗ್ಲಾಸನ್ನು ಮನೆಯೊಳಗೂ ಹಾಕಿಕೊಂಡೇ ಇದ್ದರೆ ಕಣ್ಣು ಕತ್ತಲಿಗೆ ಒಗ್ಗಿ, ತೆಗೆದಾಗ ಬೆಳಕು ಇನ್ನೂ ಚುಚ್ಚುತ್ತದೆ. ಎದುರಿನ ಹೆಡ್‌ಲೈಟಿನ ಅಚ್ಚು ಉಳಿಯುವವರು ರಾತ್ರಿ ಗಾಡಿ ಓಡಿಸದಿರುವುದು ಒಳ್ಳೆಯದು. ಗಾಂಜಾ, ಎಲ್‌ಎಸ್‌ಡಿ ಬಗ್ಗೆ ಮುಜುಗರವಿಲ್ಲದೆ ಒಂದು ಸಾಲು ಬರೆಯಿರಿ. ಎಲ್‌ಎಸ್‌ಡಿಯಂಥ ಭ್ರಮೆ ಹುಟ್ಟಿಸುವ ವಸ್ತುಗಳ ಬಳಿಕ ಇಂಥದೇ ನೋಟ ಉಳಿದುಬಿಡುವುದುಂಟು, ಅದಕ್ಕೆ ಬೇರೆ ಹೆಸರಿದೆ.

ಕೊನೆಯ ಚೌಕಟ್ಟಿನಲ್ಲಿ ‘ತುರ್ತು’ ಎಂಬ ಪದವನ್ನು ದಪ್ಪಕ್ಷರದಲ್ಲಿ ಹಾಕಿ. ಅದರ ಕೆಳಗೆ: ಒಂದೇ ಕಣ್ಣಲ್ಲಿ ಅಥವಾ ನೋಟದ ಒಂದೇ ಬದಿಯಲ್ಲಿ ಚುಕ್ಕಿ ಶುರುವಾದರೆ, ದಿಢೀರನೆ ತೇಲುಚುಕ್ಕಿಗಳ ರಾಶಿ ಬಂದರೆ, ಮೂಲೆಯಲ್ಲಿ ಮಿಂಚಿದಂತಾದರೆ, ಪರದೆ ಇಳಿದಂತೆ ಕತ್ತಲು ಕವಿದರೆ ಅಂದೇ ಕಣ್ಣಿನ ಆಸ್ಪತ್ರೆಗೆ ಹೋಗಿ. ರೆಟಿನಾ ಕಳಚಿಕೊಂಡಿರಬಹುದು. ಇಲ್ಲಿ ಮಾತ್ರ ‘ಸಾಧ್ಯವಾದರೆ’, ‘ದಯವಿಟ್ಟು’ಗಳನ್ನೆಲ್ಲ ಹೊಡೆದುಹಾಕಿ.