ಟ್ರೇಲರ್ ಮೇಲಿನ ಹಳೇ ಬ್ಯಾಟ್‌ವಿಂಗ್ ಆಂಟೆನಾ ಬದಲಿಸಬೇಕಾ?

ಗಾಲಿಮನೆ:
26 ಅಡಿಯ ಹಳೇ ಟ್ರಾವೆಲ್ ಟ್ರೇಲರ್. ಮೇಲೆ ಕ್ರ್ಯಾಂಕ್ ತಿರುಗಿಸಿ ಎತ್ತುವ ವೈನ್‌ಗಾರ್ಡ್ ಕಂಪನಿಯ ಬ್ಯಾಟ್‌ವಿಂಗ್ (ಬಾವಲಿ ರೆಕ್ಕೆಯಾಕಾರದ ಟಿವಿ ಆಂಟೆನಾ), ಒಳಗೆ ಗೋಡೆಯಲ್ಲಿ ಹಸಿರು ದೀಪದ ಸ್ವಿಚ್, ಎರಡು ಟಿವಿ. ಲಾಸ್ ಏಂಜಲೀಸ್ ಸುತ್ತಮುತ್ತ ನಿಲ್ಲಿಸಿದಾಗ 2 ಮತ್ತು 4ನೇ ಚಾನೆಲ್ ಬಿಟ್ಟು ಬಿಟ್ಟು ಬರುತ್ತವೆ, 7 ಅಂತೂ ಬರುವುದೇ ಇಲ್ಲ. ಕಣ್ಣಿಗೆ ಬಿದ್ದಿರುವುದು ಮೂರು: ‘150 ಮೈಲಿ’ ಅಂತ ಡಬ್ಬದ ಮೇಲೆ ಬರೆದಿರೋ ಚಪ್ಪಟೆ ಆಂಟೆನಾ, ತಿರುಗಿಸುವ ಗೋಜೇ ಇಲ್ಲದ ದುಂಡನೆಯದು, ಕಿಂಗ್ ಜ್ಯಾಕ್ ಅನ್ನೋ ಇನ್ನೊಂದು ಆಂಟೆನಾ. ಯಾವುದು ತಗೊಳ್ಳಲಿ? ಬೇಸಿಗೆಗೆ ಊರಿಂದ ಅಪ್ಪ ಅಮ್ಮ ಬರ್ತಿದ್ದಾರೆ, ಕನ್ನಡ ಚಾನೆಲ್ ಏನಾದರೂ ಸಿಗುತ್ತಾ?

ತಂತಿಕಂಬ:
ಕೊನೇ ಪ್ರಶ್ನೆಗೆ ಮೊದಲು ಉತ್ತರ: ಸಿಗಲ್ಲ. ಆಂಟೆನಾಕ್ಕೆ ಬರುವುದು ಅಲ್ಲಿನ ಲೋಕಲ್ ಚಾನೆಲ್‌ಗಳು ಮಾತ್ರ. ಅಮ್ಮನ ಧಾರಾವಾಹಿಗೆ ಇಂಟರ್ನೆಟ್ಟೇ ಗತಿ.

150 ಮೈಲಿ ಅನ್ನೋದು ಡಬ್ಬದ ಮೇಲಿನ ಮಾತು. ಭೂಮಿ ಗುಂಡಗಿರುವುದರಿಂದ, ಸಾಮಾನ್ಯ ಎತ್ತರದ ಟವರ್‌ನಿಂದ ಟ್ರೇಲರ್ ಎತ್ತರದ ಆಂಟೆನಾಕ್ಕೆ 60–70 ಮೈಲಿ ದಾಟಿದ ಮೇಲೆ ನಂಬಿಕೆಯಿಂದ ಏನೂ ಸಿಗುವುದಿಲ್ಲ. ಮಧ್ಯೆ ಗುಡ್ಡ ಬಂದರೆ ಹತ್ತು ಮೈಲಿಗೂ ಕಷ್ಟ.

ದುಡ್ಡು ಬಿಚ್ಚುವ ಮುಂಚೆ ರ್‍ಯಾಬಿಟ್‌ಇಯರ್ಸ್ ಸೈಟಿನಲ್ಲೋ ಎಫ್‌ಸಿಸಿಯ (ಅಮೆರಿಕದ ಪ್ರಸಾರ ನಿಯಂತ್ರಣ ಸಂಸ್ಥೆ) ಡಿಟಿವಿ ಮ್ಯಾಪಿನಲ್ಲೋ ನೀವು ನಿಲ್ಲಿಸುವ ಜಾಗ ಹಾಕಿ ನೋಡಿ. ಟಿವಿಯಲ್ಲಿ ಕಾಣುವ ನಂಬರ್ ಬರೀ ಹೆಸರು, ನೋಡಬೇಕಾದ್ದು ಆರ್‌ಎಫ್ ನಂಬರ್, ಅಂದರೆ ಸಿಗ್ನಲ್ ನಿಜವಾಗಿ ಬರುವ ಚಾನೆಲ್. ಲಾಸ್ ಏಂಜಲೀಸಿನಲ್ಲಿ ‘2’ (ಕೆಸಿಬಿಎಸ್) ಪ್ರಸಾರವಾಗುವುದು ಆರ್‌ಎಫ್ 31ರಲ್ಲಿ, ‘4’ (ಕೆಎನ್‌ಬಿಸಿ) 36ರಲ್ಲಿ. ಆದರೆ ‘7’ (ಕೆಎಬಿಸಿ) ನಿಜವಾಗಿಯೂ 7ರಲ್ಲೇ ಇದೆ. 14ರಿಂದ 36 ಯುಎಚ್‌ಎಫ್ (ಗಿಡ್ಡ ಅಲೆ), 7ರಿಂದ 13 ಹೈ ವಿಎಚ್‌ಎಫ್ (ಅದಕ್ಕಿಂತ ಉದ್ದದ ಅಲೆ). ಆಂಟೆನಾ ಹೆಚ್ಚುಕಡಿಮೆ ಅರ್ಧ ಅಲೆಯಷ್ಟು ಉದ್ದವಿದ್ದರೆ ಚೆನ್ನಾಗಿ ಹಿಡಿಯುತ್ತದೆ. ಯುಎಚ್‌ಎಫ್‌ನ ಅರ್ಧ ಅಲೆ ಸುಮಾರು ಒಂದಡಿಗೆ ಮುಗಿಯುತ್ತದೆ, 7ನೇ ಚಾನೆಲ್‌ನದು ಸುಮಾರು 33 ಇಂಚು. ಅಂಗೈಯಗಲದ ಚಪ್ಪಟೆ ಆಂಟೆನಾ ಅದನ್ನು ಹಿಡಿಯುವುದಾದರೂ ಹೇಗೆ? ಫಿಲಡೆಲ್ಫಿಯಾ ಕಡೆ ಹೋದರೆ ಇನ್ನೂ ಪಜೀತಿ, ಅಲ್ಲಿನ ಡಬ್ಲ್ಯುಪಿವಿಐ ಚಾನೆಲ್ ಆರ್‌ಎಫ್ 6ರಲ್ಲಿದೆ, ಅರ್ಧ ಅಲೆ ಆರಡಿ ಹತ್ತಿರ.

ಹಾಗಾಗಿ ನನ್ನ ಓಟು ನಿಮ್ಮ ಬ್ಯಾಟ್‌ವಿಂಗ್‌ಗೇ. ರೆಕ್ಕೆ ಅಗಲವಿರುವುದರಿಂದ ವಿಎಚ್‌ಎಫ್‌ನಲ್ಲಿ ಮಿಕ್ಕ ಮೂರಕ್ಕಿಂತ ಮೇಲು. ಯುಎಚ್‌ಎಫ್ ಸಾಲದು ಅನ್ನಿಸಿದರೆ ಮುಂದಕ್ಕೆ ಸಿಕ್ಕಿಸುವ ವಿಂಗ್‌ಮನ್ ತುಂಡು ಸಿಗುತ್ತದೆ. ಕಿಂಗ್ ಜ್ಯಾಕ್ ಯುಎಚ್‌ಎಫ್‌ಗೆ ಒಳ್ಳೆಯದು, ಹಳೇ ಕಂಬದ ಮೇಲೇ ಕೂರಿಸುವ ಹೆಡ್ ಕೂಡ ಬರುತ್ತದೆ, ಆದರೆ ನಿಮ್ಮ ತಕರಾರು ಇರುವುದೇ 7ರಲ್ಲಿ. ದುಂಡನೆಯದು ಎಲ್ಲ ದಿಕ್ಕಿನಿಂದಲೂ ಎಳೆಯುತ್ತದೆ, ಗುಡ್ಡಕ್ಕೆ ಬಡಿದು ತಡವಾಗಿ ಬರುವ ಸಿಗ್ನಲ್ಲನ್ನೂ ಸೇರಿಸಿಕೊಂಡು. ಅಲ್ಲಿನ ದೊಡ್ಡ ಟವರ್‌ಗಳೆಲ್ಲ ಮೌಂಟ್ ವಿಲ್ಸನ್ ಮೇಲೇ ಇರುವಾಗ ಒಂದು ದಿಕ್ಕಿಗೆ ತಿರುಗಿಸುವುದೇನು ಮಹಾ ಕಷ್ಟ?

ಶಿರಾಡಿಘಾಟಿ:
ಮೇಲಿನವರು ಹೇಳಿದ್ದು ಸರಿ. ಆದರೆ ಮಾರಾಯ್ರೇ, 2 ಮತ್ತು 4 ಕೂಡ ಬಿಟ್ಟು ಬಿಟ್ಟು ಬರುತ್ತವೆ ಅಂದರೆ ಮೊದಲು ವೈರಿಂಗ್ ನೋಡಿ. ಬ್ಯಾಟ್‌ವಿಂಗ್‌ನ ಆಂಪ್ಲಿಫೈಯರ್ ಇರುವುದು ಮೇಲೆ, ಆಂಟೆನಾ ತಲೆಯೊಳಗೆ. ಅದಕ್ಕೆ ಕರೆಂಟ್ ಹೋಗುವುದು ಸಿಗ್ನಲ್ ಬರುವ ಕೋಯಾಕ್ಸ್ ಕೇಬಲ್ಲಿನಲ್ಲೇ. ಹಸಿರು ದೀಪ ಉರಿದರೆ ಆ ಸ್ವಿಚ್ ಇರುವ ಗೋಡೆಯ ಪ್ಲೇಟ್‌ವರೆಗೆ ಕರೆಂಟ್ ಬಂದಿದೆ ಅಂತ ಅಷ್ಟೇ ಅರ್ಥ.

ಸ್ವಿಚ್ ಹಾಕಿ, ಮೇಲೆ ಹತ್ತಿ, ಆಂಟೆನಾದ ಬುಡದಲ್ಲಿ ಕೇಬಲ್ ಬಿಚ್ಚಿ, ಮಲ್ಟಿಮೀಟರನ್ನು ಡಿಸಿಗೆ ಇಟ್ಟು ನಡುತಂತಿಗೂ ಹೊರಚಿಪ್ಪಿಗೂ ಹಿಡಿಯಿರಿ. 12 ವೋಲ್ಟ್ ಆಸುಪಾಸು ಇರಬೇಕು. ಇಲ್ಲದಿದ್ದರೆ ಪ್ಲೇಟಿನ ಹಿಂದೆ ಅಳೆಯಿರಿ. ಅಲ್ಲಿ ಇದ್ದು ಮೇಲೆ ಇಲ್ಲವೆಂದರೆ ಕೇಬಲ್ ಹೋಗಿದೆ, ಇಲ್ಲವೇ ಆಂಟೆನಾಕ್ಕೂ ಪ್ಲೇಟಿಗೂ ನಡುವೆ ಯಾರೋ ಸ್ಪ್ಲಿಟರ್ (ಸಿಗ್ನಲ್ ಹಂಚುವ ಡಬ್ಬಿ) ಹಾಕಿದ್ದಾರೆ. ಸಾಮಾನ್ಯ ಸ್ಪ್ಲಿಟರ್ ಡಿಸಿ ದಾಟಿಸದೆ ಇರಬಹುದು. ಎರಡು ಟಿವಿಗೆ ಹಂಚುವುದಿದ್ದರೆ ಪ್ಲೇಟ್ ದಾಟಿದ ಮೇಲೆ ಹಂಚಿ. ಎರಡು ದಾರಿಯದಾದರೆ ಒಂದೊಂದಕ್ಕೆ ಸುಮಾರು 3.5 ಡಿಬಿ, ಅಂದರೆ ಅರ್ಧಕ್ಕಿಂತ ತುಸು ಹೆಚ್ಚು ಸಿಗ್ನಲ್ ಹೋಗುತ್ತದೆ, ಅಷ್ಟನ್ನು ಆಂಪ್ಲಿಫೈಯರ್ ತಡೆದುಕೊಳ್ಳುತ್ತದೆ.

ಎರಡನೆಯದು ಸಿಗ್ನಲ್ ಕೆಡಿಸುವ ವಿದ್ಯುತ್ ಗದ್ದಲ. ಅಗ್ಗದ ಎಲ್‌ಇಡಿ ಬಲ್ಬು, ಇನ್ವರ್ಟರ್, ಸೋಲಾರ್ ಕಂಟ್ರೋಲರ್, ಯುಎಸ್‌ಬಿ ಚಾರ್ಜರ್ ಇವೆಲ್ಲ ವಿಎಚ್‌ಎಫ್‌ನಲ್ಲೇ ಹೆಚ್ಚು ಕಿರುಚುವುದು. ಟಿವಿಯ ಸಿಗ್ನಲ್ ಮೀಟರ್ ತೆರೆದಿಟ್ಟು ಒಂದೊಂದೇ ಆಫ್ ಮಾಡಿ. ಯಾವುದನ್ನು ಆರಿಸಿದಾಗ 7 ಮೇಲೆದ್ದಿತೋ ಕಳ್ಳ ಅದೇ.

ಗಾಲಿಮನೆ:
ಅಳೆದೆ. ಪ್ಲೇಟಿನ ಹಿಂದೆ 12.6, ಮೇಲೆ 3 ವೋಲ್ಟೂ ಇಲ್ಲ. ನಡುವೆ ಸ್ಪ್ಲಿಟರ್ ಇಲ್ಲ.

ಶಿರಾಡಿಘಾಟಿ:
ಹಾಗಾದರೆ ಹೊಸ ಆಂಟೆನಾ ಹಾಕಿದ್ದರೂ ಇದೇ ಕತೆ ಆಗುತ್ತಿತ್ತು. ಕಂಬ ಮಡಚುವ ಜಾಗದಲ್ಲಿ ಕೇಬಲ್ ಪ್ರತಿಸಲ ಬಾಗಿ ಬಾಗಿ ಒಳಗೇ ಮುರಿಯುತ್ತದೆ, ತುದಿಯ ಎಫ್-ಕನೆಕ್ಟರ್‌ಗೆ ನೀರು ಹೋಗಿ ಹಸಿರು ಕಿಲುಬು ಕಟ್ಟುತ್ತದೆ. ಮೊದಲು ಎರಡೂ ತುದಿಯ ಕನೆಕ್ಟರ್ ಕತ್ತರಿಸಿ ಹೊಸದು ಹಾಕಿ ಅಳೆಯಿರಿ. ಆಗಲೂ ಬರದಿದ್ದರೆ ಮೇಲಿನ ತುಂಡನ್ನೇ ಬದಲಿಸಿ: ಹೊರಾಂಗಣದ ಆರ್‌ಜಿ-6 ಕೋಯಾಕ್ಸ್ ಕೇಬಲ್, 75 ಓಮ್, ಒತ್ತಿ ಕೂರಿಸುವ ಕಂಪ್ರೆಷನ್ ಕನೆಕ್ಟರ್. ಕಂಬ ಪೂರ್ತಿ ಎದ್ದಾಗಲೂ ಬಿಗಿಯಾಗದಷ್ಟು ಕೇಬಲ್ ಸಡಿಲ ಬಿಡಿ.

ತಂತಿಕಂಬ:
ಕೇಬಲ್ ಒಳಹೋಗುವ ರಂಧ್ರ ಬಿಚ್ಚಿದರೆ ನೀರು ಸೋರದಂತೆ ಕೆಳಗೆ ಬ್ಯುಟೈಲ್ ಟೇಪ್, ಮೇಲೆ ಡೈಕಾರ್ ಲ್ಯಾಪ್ ಸೀಲಂಟ್ (ಚಾವಣಿಗೆ ಹಚ್ಚುವ ಅಂಟು). ರಬ್ಬರ್ ಚಾವಣಿಗೆ ಸಿಲಿಕೋನ್ ಬೇಡವೇ ಬೇಡ. ಸರಿಯಾಗಿ ಹಿಡಿಯುವುದಿಲ್ಲ, ಆಮೇಲೆ ಅದರ ಮೇಲೆ ಬೇರೇನೂ ಕೂರುವುದೂ ಇಲ್ಲ.

ಜೋಡಿಸಿದ ಮೇಲೆ ಟಿವಿ ಮೆನುವಿನಲ್ಲಿ ‘ಕೇಬಲ್’ ಅಂತಿದ್ದರೆ ‘ಆಂಟೆನಾ’ಕ್ಕೆ ಬದಲಿಸಿ. ಕಂಬ ಎತ್ತುವ ಮುಂಚೆ ಮೇಲೆ ಕರೆಂಟ್ ತಂತಿ, ಕೊಂಬೆ ಇಲ್ಲವೆಂದು ನೋಡಿ. ಹಿಡಿಯ ಬುಡದ ಬಾಣವನ್ನು ಟವರ್ ಕಡೆ ತಿರುಗಿಸಿ ಸ್ಕ್ಯಾನ್ ಹಾಕಿ. ಆಮೇಲೆ 7ರ ಮೀಟರ್ ನೋಡುತ್ತ ಸ್ವಲ್ಪ ಸ್ವಲ್ಪವೇ ತಿರುಗಿಸಿ, ಪ್ರತಿಸಲ ಐದಾರು ಸೆಕೆಂಡ್ ಕಾಯಿರಿ. ಡಿಜಿಟಲ್ ಸಿಗ್ನಲ್ ಕಚ್ಚಿಕೊಳ್ಳಲು ಹೊತ್ತು ಬೇಕು. ಊರು ಬದಲಾದಾಗಲೆಲ್ಲ ಮತ್ತೆ ಸ್ಕ್ಯಾನ್. ಟ್ರೇಲರ್ ಪಾರ್ಕಿನವರು ಕೊಡುವ ಕೇಬಲ್ ಟಿವಿ ಬಳಸುವಾಗ ಪ್ಲೇಟಿನ ಸ್ವಿಚ್ ಆಫ್ ಇರಲಿ.

ಹೊರಡುವ ಮುಂಚೆ ಬಾಣವನ್ನು ಪಾರ್ಕ್ ಗುರುತಿಗೆ ತಂದು ಪೂರ್ತಿ ಇಳಿಸಿ. ಕ್ರ್ಯಾಂಕ್ ಹಿಡಿಗೆ ಒಂದು ಕೆಂಪು ಪಟ್ಟಿ ಕಟ್ಟಿಟ್ಟುಕೊಳ್ಳಿ, ಆಂಟೆನಾ ಮೇಲಿದ್ದಷ್ಟು ಹೊತ್ತು ಆ ಪಟ್ಟಿ ಗಾಡಿಯ ಸ್ಟೀರಿಂಗ್ ಮೇಲಿರಲಿ.