ವಿಶ್ವವಿದ್ಯಾಲಯದ ಇಷ್ಟೊಂದು ಸೌಲಭ್ಯಗಳಲ್ಲಿ ಯಾವುದನ್ನು ಮೊದಲು ಬಳಸಿಕೊಳ್ಳಬೇಕು?

ಪ್ರಶ್ನೆ: ಎರಡನೆಯ ವರ್ಷದ ವಿದ್ಯಾರ್ಥಿನಿ

ನಾನು ಅರ್ಥಶಾಸ್ತ್ರದಲ್ಲಿ ಪದವಿ ಓದುತ್ತಿದ್ದೇನೆ. ನಮ್ಮ ವಿಭಾಗದ ಸೂಚನಾ ಫಲಕದಲ್ಲಿ ವಾರ ವಾರವೂ ವಿಶೇಷ ಉಪನ್ಯಾಸ, ಕಾರ್ಯಾಗಾರ, ಇಂಟರ್ನ್‌ಶಿಪ್, ವಿದ್ಯಾರ್ಥಿ ವಿನಿಮಯ ಎಂದು ಹೊಸ ಹೊಸ ಪ್ರಕಟಣೆಗಳು ಬರುತ್ತಲೇ ಇರುತ್ತವೆ. ಮೊದಲ ವರ್ಷವಿಡೀ ಕೈಗೆ ಸಿಕ್ಕಿದ್ದಕ್ಕೆಲ್ಲ ಹೆಸರು ಕೊಟ್ಟೆ. ಪ್ರಮಾಣಪತ್ರಗಳು ಸಾಕಷ್ಟು ಸೇರಿವೆ. ಆದರೆ ಯಾವ ವಿಷಯವೂ ಆಳವಾಗಿ ತಿಳಿದಿದೆ ಎಂದು ಹೇಳುವ ಧೈರ್ಯ ನನಗಿಲ್ಲ. ಇನ್ನುಳಿದ ಅವಧಿಯಲ್ಲಿ ಯಾವುದಕ್ಕೆ ಸಮಯ ಕೊಡಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಅನುಭವವುಳ್ಳವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಗ್ರಂಥಪಾಲಕ

ಪದವಿ ಮುಗಿದ ಮೇಲೂ ಸಿಗುವಂಥವು ಯಾವುವು, ವಿಶ್ವವಿದ್ಯಾಲಯದ ಇಮೇಲ್ ಖಾತೆ ಮುಚ್ಚಿದೊಡನೆ ಕೈತಪ್ಪುವಂಥವು ಯಾವುವು ಎಂದು ಮೊದಲು ವಿಂಗಡಿಸಿಕೊಳ್ಳಿ. ಎರಡನೆಯ ಗುಂಪಿಗೇ ಹೆಚ್ಚು ಸಮಯ ಕೊಡಿ. ಆನ್‌ಲೈನ್ ಕೋರ್ಸುಗಳನ್ನು ಮುಂದೆಯೂ ಮಾಡಬಹುದು. 1991ರಲ್ಲಿ ಆರಂಭವಾದ ಆರ್ಕೈವ್ (arXiv) ತಾಣದಲ್ಲಿರುವ ಸಂಶೋಧನಾ ಲೇಖನಗಳನ್ನು ಯಾರು ಬೇಕಾದರೂ ಯಾವಾಗ ಬೇಕಾದರೂ ಉಚಿತವಾಗಿ ಓದಬಹುದು. ಆದರೆ 1995ರಲ್ಲಿ ಸ್ಥಾಪನೆಯಾದ ಜೆಸ್ಟೋರ್‌ನಂಥ ಸಂಗ್ರಹಗಳು ಮುಖ್ಯವಾಗಿ ಸಂಸ್ಥೆಗಳ ಚಂದಾದಾರಿಕೆಯ ಮೇಲೆ ನಡೆಯುತ್ತವೆ. ನಿಮ್ಮ ಲಾಗಿನ್ ಇರುವವರೆಗೆ ದಶಕಗಳ ಹಿಂದಿನ ನಿಯತಕಾಲಿಕೆಗಳ ಸಂಚಿಕೆಗಳೂ ಕ್ಷಣದಲ್ಲಿ ತೆರೆದುಕೊಳ್ಳುತ್ತವೆ. ಅದು ನಿಂತ ಮೇಲೆ ಅದೇ ಲೇಖನಕ್ಕೆ ಹಣ ಕೊಡಬೇಕಾಗಬಹುದು, ಇಲ್ಲವೇ ಮಿತ ಸಂಖ್ಯೆಯ ಉಚಿತ ಓದಿಗೆ ತೃಪ್ತಿಪಡಬೇಕಾಗಬಹುದು.

ಗ್ರಂಥಾಲಯವೆಂದರೆ ಪುಸ್ತಕ ಪಡೆದು ಹಿಂದಿರುಗಿಸುವ ಸ್ಥಳವೆಂದೇ ಅನೇಕ ವಿದ್ಯಾರ್ಥಿಗಳು ತಿಳಿದಿದ್ದಾರೆ. ನಮ್ಮ ಪರಾಮರ್ಶನ ವಿಭಾಗದ ಮೇಜಿನ ಮುಂದೆ ಯಾರೂ ಇಲ್ಲದ ಗಂಟೆಗಳನ್ನು ಕಂಡಾಗ ನನಗೆ ನಿಜವಾಗಿಯೂ ಬೇಸರವಾಗುತ್ತದೆ. ಮಹಿಳೆಯರ ಉದ್ಯೋಗದ ಬಗ್ಗೆ ಪ್ರಬಂಧ ಬರೆಯಬೇಕಿದ್ದ ವಿದ್ಯಾರ್ಥಿಯೊಬ್ಬರು ಹುಡುಕುಪಟ್ಟಿಯಲ್ಲಿ ಆ ಎರಡೇ ಪದಗಳನ್ನು ಹಾಕಿ, ಬಂದ ಸಾವಿರಾರು ಫಲಿತಾಂಶಗಳ ಎದುರು ದಿಕ್ಕು ತೋಚದೆ ಕುಳಿತಿದ್ದರು. ನಾವು ಜೊತೆಗೆ ಕುಳಿತು, ವಿಷಯತಜ್ಞರು ಬಳಸುವ ಪಾರಿಭಾಷಿಕ ಪದವಾದ ‘ಶ್ರಮಶಕ್ತಿ ಭಾಗವಹಿಸುವಿಕೆಯ ದರ’ವನ್ನು (ದುಡಿಯುವ ವಯಸ್ಸಿನವರಲ್ಲಿ ಕೆಲಸದಲ್ಲಿರುವ ಅಥವಾ ಕೆಲಸ ಹುಡುಕುತ್ತಿರುವವರ ಪ್ರಮಾಣ) ಹಿಡಿದು ಹುಡುಕಿದೆವು. ಸಿಕ್ಕಿದ ಒಂದು ಒಳ್ಳೆಯ ಲೇಖನದ ಕೊನೆಯ ಪರಾಮರ್ಶನ ಪಟ್ಟಿಯಿಂದ ಹಿಂದಿನ ಬರಹಗಳಿಗೆ ಹೋದೆವು. ಆ ಲೇಖನವನ್ನು ಅನಂತರ ಯಾರು ಯಾರು ಉಲ್ಲೇಖಿಸಿದ್ದಾರೆ ಎಂಬುದನ್ನು ಗೂಗಲ್ ಸ್ಕಾಲರ್‌ನಲ್ಲಿ ನೋಡಿ ಈಚಿನ ಬರಹಗಳಿಗೆ ಬಂದೆವು. ಹೀಗೆ ಹಿಂದಕ್ಕೂ ಮುಂದಕ್ಕೂ ಹೋಗುವ ಕ್ರಮ ಒಮ್ಮೆ ಕೈಹತ್ತಿದರೆ ಯಾವ ವಿಷಯಕ್ಕಾದರೂ ನೆರವಾಗುತ್ತದೆ. ನಮ್ಮಲ್ಲಿಲ್ಲದ ಪುಸ್ತಕವನ್ನು ಅಂತರಗ್ರಂಥಾಲಯ ಎರವಲಿನ ಮೂಲಕ ಬೇರೆ ಸಂಸ್ಥೆಯಿಂದ ತರಿಸುವ ವ್ಯವಸ್ಥೆಯೂ ಅನೇಕ ಕಡೆ ಇರುತ್ತದೆ. ಕೇಳಿದವರಿಗೆ ಮಾತ್ರ ಅದು ಗೊತ್ತಾಗುತ್ತದೆ.

ಓದಿದ್ದರ ಟಿಪ್ಪಣಿಗಳನ್ನು ವಿಶ್ವವಿದ್ಯಾಲಯದ ಖಾತೆಯಲ್ಲಷ್ಟೇ ಇಡಬೇಡಿ. 2006ರಲ್ಲಿ ಬಂದ ಜೊಟೆರೊ ಎಂಬ ಉಚಿತ ತಂತ್ರಾಂಶದಲ್ಲಿ ನಿಮ್ಮ ಸ್ವಂತ ಇಮೇಲ್‌ನಿಂದ ಖಾತೆ ತೆರೆದು ಉಲ್ಲೇಖಗಳನ್ನು ಸೇರಿಸುತ್ತಾ ಹೋದರೆ ಪದವಿಯ ನಂತರವೂ ಅವು ನಿಮ್ಮಲ್ಲೇ ಉಳಿಯುತ್ತವೆ. ಅಂಕಿಅಂಶ ವಿಶ್ಲೇಷಣೆಗೂ ಇದೇ ಮಾತು: ಸ್ಟೇಟಾ ಎಂಬ ತಂತ್ರಾಂಶ ಬಳಸಲು ಸಂಸ್ಥೆಯ ಪರವಾನಗಿ ಇದ್ದರೆ ಅವಶ್ಯವಾಗಿ ಕಲಿಯಿರಿ, ಆದರೆ ಜೊತೆಯಲ್ಲೇ ಉಚಿತವಾಗಿ ಸಿಗುವ ‘ಆರ್’ ಎಂಬ ತಂತ್ರಾಂಶವನ್ನೂ ರೂಢಿಸಿಕೊಳ್ಳಿ.

ಉತ್ತರ 2: ಸಂಶೋಧನಾ ವಿದ್ಯಾರ್ಥಿ

ಗ್ರಂಥಪಾಲಕರ ಮಾತನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಆದರೆ ಪದವಿಯ ನಂತರ ಮತ್ತೆ ಸಿಗಲಾರದ ಸಂಪನ್ಮೂಲಗಳಲ್ಲಿ ಅಧ್ಯಾಪಕರಿಗೇ ಮೊದಲ ಸ್ಥಾನವೆಂದು ನನ್ನ ಅಭಿಪ್ರಾಯ. ಒಂದು ವಿಷಯವನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದವರು ನಿಗದಿತ ಸಮಯದಲ್ಲಿ ತಮ್ಮ ಕೊಠಡಿಯ ಬಾಗಿಲು ತೆರೆದು, ವಿದ್ಯಾರ್ಥಿಗಳು ಬರಲೆಂದೇ ಕುಳಿತಿರುವ ಸನ್ನಿವೇಶ ಹೊರಗಿನ ಬದುಕಿನಲ್ಲಿ ಅಪರೂಪ. ಅಂಕಗಳ ಬಗ್ಗೆ ತಕರಾರು ಇದ್ದಾಗ ಮಾತ್ರ ಅಲ್ಲಿಗೆ ಹೋಗುವ ರೂಢಿಯನ್ನು ಬಿಡಬೇಕು.

ಆಯ್ಕೆಯ ವಿಷಯದಲ್ಲಿ ನನ್ನ ಸಲಹೆಯೆಂದರೆ, ಮೊದಲು ನಿಮ್ಮದೇ ಆದ ಒಂದು ಕೆಲಸವನ್ನೋ ಪ್ರಶ್ನೆಯನ್ನೋ ಗೊತ್ತುಮಾಡಿಕೊಳ್ಳಿ. ಸೌಲಭ್ಯಗಳನ್ನು ಆಮೇಲೆ ಅದರ ಅಗತ್ಯಕ್ಕೆ ತಕ್ಕಂತೆ ಹುಡುಕಿ. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದಾಗ ತಾವು ಬರೆಯುತ್ತಿದ್ದ ಕಾರ್ಯಾಚರಣಾ ವ್ಯವಸ್ಥೆಯ ಬಗ್ಗೆ ಮಿನಿಕ್ಸ್ ಎಂಬ ಇನ್ನೊಂದು ವ್ಯವಸ್ಥೆಯ ಬಳಕೆದಾರರ ಆನ್‌ಲೈನ್ ಗುಂಪಿನಲ್ಲಿ ತಿಳಿಸಿ, ಏನೇನು ಇದ್ದರೆ ಒಳ್ಳೆಯದೆಂದು ಎಲ್ಲರನ್ನೂ ಕೇಳಿದರು. ಆ ವ್ಯವಸ್ಥೆಯ ಕಡತಗಳಿಗೆ, ಅಂತರಜಾಲದಲ್ಲಿ ಕಡತ ಹಂಚಲು ಬಳಸುವ ಎಫ್‌ಟಿಪಿ ಸರ್ವರ್‌ನಲ್ಲಿ ಜಾಗ ಮಾಡಿಕೊಟ್ಟ ಆರಿ ಲೆಮ್ಕೆ ಅದಕ್ಕೆ ಲಿನಕ್ಸ್ ಎಂಬ ಹೆಸರಿಟ್ಟರು. ಕೈಯಲ್ಲೊಂದು ಕೆಲಸವಿದ್ದುದರಿಂದಲೇ ಏನು ಕೇಳಬೇಕೆಂಬುದು ಟೊರ್ವಾಲ್ಡ್ಸ್ ಅವರಿಗೆ ಸ್ಪಷ್ಟವಾಗಿತ್ತು, ಯಾವುದಕ್ಕೆ ನೆರವಾಗಬೇಕೆಂಬುದು ಇತರರಿಗೂ ತಿಳಿದಿತ್ತು. ನಿಮ್ಮ ಕೆಲಸ ಅಷ್ಟು ದೊಡ್ಡದಾಗಬೇಕಿಲ್ಲ. ಒಂದು ಸಣ್ಣ ಪ್ರಬಂಧಕ್ಕೆ ಬೇಕಾದ ದತ್ತಾಂಶವನ್ನು ಸ್ವತಃ ಕಲೆಹಾಕಿ ವಿಶ್ಲೇಷಿಸುವ ಸಂಕಲ್ಪವಿದ್ದರೂ ಯಾವ ಕಾರ್ಯಾಗಾರ ಬೇಕು, ಯಾವುದು ಬೇಡ ಎಂಬುದು ತಾನಾಗಿಯೇ ತೀರ್ಮಾನವಾಗುತ್ತದೆ.

ಉತ್ತರ 3: ಕೆಲಸ ಮಾಡುತ್ತಾ ಓದಿದವರು

ಮೇಲಿನ ಎರಡೂ ಉತ್ತರಗಳು ಬೆಲೆಯುಳ್ಳವು. ಆದರೆ ಅವೆರಡೂ ವಿದ್ಯಾರ್ಥಿಯ ಬಳಿ ಬಿಡುವಿನ ಸಮಯವಿದೆ ಎಂದು ಭಾವಿಸಿಕೊಂಡಿವೆ. ಸಂಜೆ ದುಡಿಮೆಗೆ ಹೋಗಬೇಕಾದವರಿಗೂ ಮನೆಯ ಜವಾಬ್ದಾರಿ ಇರುವವರಿಗೂ ತರಗತಿ ಮುಗಿದ ಮೇಲಿನ ಉಪನ್ಯಾಸ ಇದ್ದೂ ಇಲ್ಲದಂತೆಯೇ. ಅಂಥವರು ಎರಡು ತರಗತಿಗಳ ನಡುವಿನ ಖಾಲಿ ಗಂಟೆಯನ್ನು ಒಂದೇ ಕೆಲಸಕ್ಕೆ ಮೀಸಲಿಡುವುದು ಮೇಲು. ವಿದ್ಯಾರ್ಥಿವೇತನ, ತುರ್ತು ಧನಸಹಾಯ, ಆಪ್ತಸಮಾಲೋಚನೆ, ಅಂಗವಿಕಲ ವಿದ್ಯಾರ್ಥಿಗಳಿಗೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಇವೂ ಸಂಪನ್ಮೂಲಗಳೇ. ಇವನ್ನು ಕೇಳಲು ಸಂಕೋಚಪಡುವವರೇ ಹೆಚ್ಚು. ಇವು ನಿಮ್ಮ ಸಂಸ್ಥೆಯಲ್ಲಿದ್ದರೆ ಕಷ್ಟ ಮಿತಿಮೀರುವ ಮೊದಲೇ, ಸೆಮಿಸ್ಟರ್ ಆರಂಭದಲ್ಲಿಯೇ, ಅರ್ಜಿಯ ಕೊನೆಯ ದಿನಾಂಕವನ್ನೂ ಬೇಕಾದ ದಾಖಲೆಗಳನ್ನೂ ವಿಚಾರಿಸಿ ಬರೆದಿಟ್ಟುಕೊಳ್ಳಿ.

ಮತ್ತೆ ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಪರಾಮರ್ಶನ ವಿಭಾಗಕ್ಕೆ ನಾಳೆಯೇ ಹೋಗುತ್ತೇನೆ. ಅಧ್ಯಾಪಕರನ್ನು ಕಾಣುವ ವಿಷಯದಲ್ಲಿ ಮಾತ್ರ ಅಳುಕಿದೆ. ನಮಗೆ ಪಾಠ ಮಾಡದ ಪ್ರಾಧ್ಯಾಪಕರೊಬ್ಬರು ಗ್ರಾಮೀಣ ಸಾಲದ ಬಗ್ಗೆ ಸಂಶೋಧನೆ ನಡೆಸುತ್ತಿದ್ದಾರೆ. ನನಗೂ ಅದೇ ವಿಷಯದಲ್ಲಿ ಆಸಕ್ತಿ. ಪರಿಚಯವೇ ಇಲ್ಲದವರಿಗೆ ಏನೆಂದು ಬರೆಯಬೇಕು?

ಉತ್ತರ: ಸಂಶೋಧನಾ ವಿದ್ಯಾರ್ಥಿ

ಮೊದಲು ಅವರ ಒಂದು ಲೇಖನವನ್ನು ಪೂರ್ತಿ ಓದಿ. ಆಮೇಲೆ ಚಿಕ್ಕ ಪತ್ರ ಸಾಕು. ಉದಾಹರಣೆಗೆ: ‘ಮಾನ್ಯರೇ, ನಾನು ಅರ್ಥಶಾಸ್ತ್ರದ ಎರಡನೆಯ ವರ್ಷದ ವಿದ್ಯಾರ್ಥಿನಿ. ಸ್ವಸಹಾಯ ಗುಂಪುಗಳ ಕುರಿತ ತಮ್ಮ ಲೇಖನವನ್ನು ಓದಿದೆ. ಸಾಲ ಮರುಪಾವತಿಯ ಪ್ರಮಾಣವನ್ನು ಲೆಕ್ಕಹಾಕುವಾಗ ಗುಂಪನ್ನು ಬಿಟ್ಟುಹೋದ ಸದಸ್ಯರನ್ನು ಹೇಗೆ ಪರಿಗಣಿಸಲಾಗಿದೆ ಎಂಬುದು ನನಗೆ ಸ್ಪಷ್ಟವಾಗಲಿಲ್ಲ. ತಮಗೆ ಅನುಕೂಲವಾದ ದಿನ ಹದಿನೈದು ನಿಮಿಷ ಭೇಟಿಯಾಗಲು ಅವಕಾಶ ಕೊಡಬೇಕೆಂದು ಕೋರುತ್ತೇನೆ.’ ಇಷ್ಟರಲ್ಲಿ ನೀವು ಯಾರು, ಏನು ಓದಿದ್ದೀರಿ, ಏನು ಬೇಕು ಎಂಬ ಮೂರೂ ಇವೆ. ‘ತಮ್ಮ ಮಾರ್ಗದರ್ಶನ ಬೇಕು’ ಎಂದಷ್ಟೇ ಬರೆದರೆ ಓದಿದವರಿಗೆ ಏನು ಮಾಡಬೇಕೆಂದೇ ತೋಚುವುದಿಲ್ಲ.

ಮೊದಲ ಪತ್ರದಲ್ಲಿಯೇ ಶಿಫಾರಸು ಪತ್ರದ ಅಥವಾ ಇಂಟರ್ನ್‌ಶಿಪ್‌ನ ಪ್ರಸ್ತಾಪ ಬೇಡ. ನಿಮ್ಮ ಕೆಲಸವನ್ನು ಕೆಲವು ತಿಂಗಳು ಹತ್ತಿರದಿಂದ ನೋಡಿದವರು ಮಾತ್ರ ನಿಮ್ಮ ಬಗ್ಗೆ ನಿರ್ದಿಷ್ಟವಾಗಿ ಬರೆಯಬಲ್ಲರು. ಒಂದು ವಾರದಲ್ಲಿ ಉತ್ತರ ಬರದಿದ್ದರೆ ಅದನ್ನು ತಿರಸ್ಕಾರವೆಂದು ಭಾವಿಸದೆ, ಅದೇ ಪತ್ರದ ಕೆಳಗೆ ಎರಡು ಸಾಲಿನ ವಿನಯದ ನೆನಪೋಲೆ ಕಳುಹಿಸಿ. ಆಗಲೂ ಉತ್ತರವಿಲ್ಲದಿದ್ದರೆ ಅವರ ಬಳಿ ಸಂಶೋಧನೆ ಮಾಡುತ್ತಿರುವ ವಿದ್ಯಾರ್ಥಿಗಳನ್ನು ಕಾಣಿರಿ. ಆ ಲೇಖನದ ದತ್ತಾಂಶವನ್ನು ಕಲೆಹಾಕಿದವರು ಅವರೇ ಆಗಿರುವ ಸಂಭವವಿದೆ. ನಿಮ್ಮ ಪ್ರಶ್ನೆಗೆ ಅವರಿಂದಲೇ ಉತ್ತರ ಸಿಗಬಹುದು.